ಜನ ಹೌದು ಅಂದರು, ಕ್ಯಾಂಟನ್‌ಗಳು ಬೇಡ ಅಂದವು

2020ರ ನವೆಂಬರ್ 29, ಭಾನುವಾರ. ಸ್ವಿಟ್ಜರ್ಲೆಂಡಿನ ಎಷ್ಟೋ ಊರುಗಳಲ್ಲಿ ಮನೆಗಳ ಬಾಲ್ಕನಿಗೆ ಕಿತ್ತಳೆ ಬಣ್ಣದ ಬಾವುಟ ಕಟ್ಟಿದ್ದರು. ಕಟ್ಟಿ ತಿಂಗಳುಗಳೇ ಆಗಿದ್ದವು. ಬಾವುಟದ ಹಿಂದಿನ ಬೇಡಿಕೆ ಇಷ್ಟೇ: ಸ್ವಿಸ್ ಕಂಪನಿಯೋ, ಅದರ ಹಿಡಿತದಲ್ಲಿರುವ ಇನ್ನೊಂದು ಕಂಪನಿಯೋ ಹೊರದೇಶದಲ್ಲಿ ನೀರು ಕೆಡಿಸಿದರೆ, ಜನರ ಬದುಕು ಹಾಳು ಮಾಡಿದರೆ, ಆ ಜನ ಸ್ವಿಟ್ಜರ್ಲೆಂಡಿನ ಕೋರ್ಟಿನಲ್ಲೇ ಪರಿಹಾರ ಕೇಳುವಂತಾಗಬೇಕು. ಇದನ್ನು ಸಂವಿಧಾನಕ್ಕೆ ಸೇರಿಸಬೇಕೋ ಬೇಡವೋ ಅಂತ ಇಡೀ ದೇಶ ಅವತ್ತು ಮತ ಹಾಕಿತು.

ಸಂಜೆ ಹೊತ್ತಿಗೆ ಲೆಕ್ಕ ಬಂತು. ಹೌದು ಅಂದವರು ಶೇ 50.7. ಆದರೂ ಪ್ರಸ್ತಾಪ ಬಿದ್ದುಹೋಯಿತು.

ಯಾಕೆಂದರೆ ಅಲ್ಲಿ ಸಂವಿಧಾನ ತಿದ್ದುವಾಗ ಎರಡು ಸಲ ಎಣಿಸುತ್ತಾರೆ. ಮೊದಲನೆಯದು ತಲೆ ಎಣಿಕೆ. ಎರಡನೆಯದು ಕ್ಯಾಂಟನ್‌ಗಳ ಎಣಿಕೆ. ಕ್ಯಾಂಟನ್ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ, ಅದಕ್ಕಿಂತ ಎಷ್ಟೋ ಚಿಕ್ಕದು, ಆದರೆ ಅಧಿಕಾರ ಜಾಸ್ತಿ. ಒಟ್ಟು 26 ಕ್ಯಾಂಟನ್‌ಗಳಿವೆ. 20ಕ್ಕೆ ತಲಾ ಒಂದು ಮತ, ಉಳಿದ 6ಕ್ಕೆ ಅರ್ಧರ್ಧ ಮತ. ಕೂಡಿದರೆ 23. ಒಂದು ಕ್ಯಾಂಟನ್ನಿನಲ್ಲಿ ಹೌದು ಅಂದವರು ಜಾಸ್ತಿ ಇದ್ದರೆ ಅದರ ಮತ ಹೌದು ಕಡೆಗೆ. ಗೆಲ್ಲಬೇಕಾದರೆ 12 ಮತ ಬೇಕು. ಅವತ್ತು ಸಿಕ್ಕಿದ್ದು ಎಂಟೂವರೆ. ಝೂರಿಕ್, ಬರ್ನ್, ಜಿನೀವಾದಂತಹ ದೊಡ್ಡ ಕ್ಯಾಂಟನ್‌ಗಳು ಹೌದು ಅಂದಿದ್ದವು. ಆಲ್ಪ್ಸ್ ಬೆಟ್ಟದ ನಡುವಿನ ಸಣ್ಣ ಕ್ಯಾಂಟನ್‌ಗಳು ಬೇಡ ಅಂದವು. ಸಹಿ ಸಂಗ್ರಹಿಸಿ ಜನರೇ ತಂದ ಪ್ರಸ್ತಾಪವೊಂದು ಹೀಗೆ ಜನರ ಲೆಕ್ಕದಲ್ಲಿ ಗೆದ್ದು ಕ್ಯಾಂಟನ್ ಲೆಕ್ಕದಲ್ಲಿ ಸೋತದ್ದು 1955ರ ನಂತರ ಅದೇ ಮೊದಲು.

ಇದು ಅನ್ಯಾಯ ಅಂತ ಥಟ್ಟನೆ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಝೂರಿಕ್‌ನಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಅದಕ್ಕೂ ಒಂದೇ ಮತ. ಊರಿ ಅನ್ನುವ ಬೆಟ್ಟದ ಕ್ಯಾಂಟನ್ನಿನಲ್ಲಿ 40 ಸಾವಿರ ಜನರೂ ಇಲ್ಲ, ಅದಕ್ಕೂ ಒಂದು ಮತ. ಹಾಗಾದರೆ ಈ ಎರಡನೇ ಎಣಿಕೆ ಬಂದದ್ದಾದರೂ ಎಲ್ಲಿಂದ?

ಒಂದು ಯುದ್ಧದಿಂದ. 1847ರ ನವೆಂಬರಿನಲ್ಲಿ ಸ್ವಿಸ್ ಜನ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು. ಒಂದು ಕಡೆ ಬಲವಾದ ಕೇಂದ್ರ ಬೇಕು ಅನ್ನುವ, ಹೆಚ್ಚಾಗಿ ಪ್ರಾಟೆಸ್ಟೆಂಟ್ ಆಗಿದ್ದ ಕ್ಯಾಂಟನ್‌ಗಳು. ಇನ್ನೊಂದು ಕಡೆ ಒಕ್ಕೂಟದೊಳಗೇ ಬೇರೆ ಕೂಟ ಕಟ್ಟಿಕೊಂಡ ಏಳು ಕ್ಯಾಥೊಲಿಕ್ ಕ್ಯಾಂಟನ್‌ಗಳು. ಲೂಸರ್ನ್, ಊರಿ, ಶ್ವಿಜ್ ಅವುಗಳಲ್ಲಿ ಸೇರಿದ್ದವು. ನಾಲ್ಕು ವಾರದೊಳಗೆ ಯುದ್ಧ ಮುಗಿಯಿತು. ಸತ್ತವರು ನೂರರ ಆಸುಪಾಸು. ಗೆದ್ದ ಸೇನೆಯ ಮುಖ್ಯಸ್ಥ ಗಿಯೋಮ್ ಆಂರಿ ದುಫೂರ್, ಗಾಯಗೊಂಡ ಶತ್ರುಗಳನ್ನೂ ನೋಡಿಕೊಳ್ಳಿ ಅಂತ ತನ್ನ ಸೈನಿಕರಿಗೆ ಹೇಳಿದ್ದ. ಮುಂದೆ ರೆಡ್ ಕ್ರಾಸ್ ಕಟ್ಟಿದವರಲ್ಲಿ ಅವನೂ ಒಬ್ಬ.

ಮರುವರ್ಷ, 1848ರಲ್ಲಿ ಸಂವಿಧಾನ ಬರೆಯುವಾಗ ಗೆದ್ದವರ ಮುಂದೆ ಒಂದು ಪ್ರಶ್ನೆ ಇತ್ತು. ಸುಮ್ನೆ ತಲೆ ಎಣಿಸಿದರೆ ಸೋತ ಬೆಟ್ಟದ ಜನ ಯಾವತ್ತೂ ಗೆಲ್ಲುವುದಿಲ್ಲ. ಯಾವತ್ತೂ ಗೆಲ್ಲದವರು ಒಂದೇ ಮನೆಯಲ್ಲಿ ಎಷ್ಟು ದಿನ ಇದ್ದಾರು? ಅದಕ್ಕೇ ಕ್ಯಾಂಟನ್‌ಗಳ ಎಣಿಕೆ ಸೇರಿಕೊಂಡಿತು. ನಿಮ್ಮನ್ನು ಕೇಳದೆ ಈ ಮನೆಯ ನಿಯಮ ಬದಲಾಗುವುದಿಲ್ಲ ಅಂತ ಸೋತವರಿಗೆ ಕೊಟ್ಟ ಮಾತು ಅದು. ಇದನ್ನು ತಿಳಿದಮೇಲೆ ಆ ಎಣಿಕೆಯ ಬಗ್ಗೆ ನನ್ನ ಸಿಟ್ಟು ಕಮ್ಮಿಯಾಯಿತು. ಪೂರ್ತಿ ಹೋಗಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಪ್ರಶ್ನೆ ಯಾರು ಕೇಳುತ್ತಾರೆ ಅನ್ನುವುದನ್ನು ನೋಡಬೇಕು. ಜನಮತಗಣನೆ ಅಂದ ಕೂಡಲೇ ನಾವು ಉತ್ತರದ ಕಡೆಗೇ ನೋಡುತ್ತೇವೆ. ನಿಜವಾದ ಅಧಿಕಾರ ಇರುವುದು ಪ್ರಶ್ನೆ ಬರೆಯುವವರ ಕೈಯಲ್ಲಿ.

ಸ್ವಿಟ್ಜರ್ಲೆಂಡಿನಲ್ಲಿ ಪ್ರಧಾನಿಯೊಬ್ಬರು ಬೆಳಗ್ಗೆ ಎದ್ದು ಜನಮತಗಣನೆ ಮಾಡೋಣ ಅನ್ನುವ ಹಾಗಿಲ್ಲ. ಪ್ರಧಾನಿ ಅನ್ನುವ ಹುದ್ದೆಯೇ ಅಲ್ಲಿಲ್ಲ, ಏಳು ಜನರ ಮಂಡಳಿಯೊಂದು ಸರ್ಕಾರ ನಡೆಸುತ್ತದೆ. ಮತದಾನಕ್ಕೆ ದಾರಿ ಮೂರು. ಸಂಸತ್ತು ಸಂವಿಧಾನ ತಿದ್ದಿದರೆ ಮತದಾನ ಆಗಲೇಬೇಕು, ಎರಡೂ ಎಣಿಕೆಯಲ್ಲಿ ಗೆಲ್ಲಲೇಬೇಕು. ಸಂಸತ್ತು ಮಾಡಿದ ಮಾಮೂಲಿ ಕಾನೂನು ಇಷ್ಟವಾಗದಿದ್ದರೆ, ಅದು ಪ್ರಕಟವಾದ 100 ದಿನದೊಳಗೆ 50,000 ಸಹಿ ಕೂಡಿಸಿ ತಡೆಯಬಹುದು. ಆಗ ಮತದಾನ ನಡೆಯುತ್ತದೆ, ತಲೆ ಎಣಿಕೆ ಮಾತ್ರ. ಇದು 1874ರಿಂದ ಇದೆ. ಮೂರನೆಯದು 1891ರಿಂದ ಬಂದದ್ದು: ಜನರೇ ಹೊಸ ಮಾತೊಂದನ್ನು ಸಂವಿಧಾನಕ್ಕೆ ಸೇರಿಸಿ ಅಂತ ಕೇಳುವುದು. ಅದಕ್ಕೆ ಈಗ 18 ತಿಂಗಳಲ್ಲಿ 1 ಲಕ್ಷ ಸಹಿ ಬೇಕು.

ಆರ್ಮಿನ್ ಕಪೌಲ್ ಅನ್ನುವ ಬೆಟ್ಟದ ರೈತರೊಬ್ಬರು ಈ ಮೂರನೇ ದಾರಿ ಹಿಡಿದರು. ಅಲ್ಲಿ ಹೆಚ್ಚಿನ ಹಸುಗಳಿಗೆ ಕರುವಾಗಿದ್ದಾಗಲೇ ಕೊಂಬಿನ ಮೊಳಕೆ ಸುಟ್ಟುಬಿಡುತ್ತಾರೆ. ಕೊಂಬು ಉಳಿಸಿಕೊಳ್ಳುವ ರೈತರಿಗೆ ಸರ್ಕಾರ ಸಹಾಯಧನ ಕೊಡಬೇಕು ಅನ್ನುವುದು ಅವರ ಬೇಡಿಕೆ. ಸಹಿಗಳು ಕೂಡಿದವು, 2018ರ ನವೆಂಬರಿನಲ್ಲಿ ಇಡೀ ದೇಶ ಹಸುವಿನ ಕೊಂಬಿನ ಬಗ್ಗೆ ಮತ ಹಾಕಿತು. ಸೋತರು, ಬೇಡ ಅಂದವರು ಶೇ 54.7. ಆದರೆ ಕೊಟ್ಟಿಗೆಯ ಮಾತೊಂದನ್ನು ದೇಶದ ಪ್ರತಿ ಮನೆಯ ಊಟದ ಮೇಜಿಗೆ ತಂದಿಟ್ಟರು. ಬೇರೆ ಎಲ್ಲಿ ಒಬ್ಬ ರೈತನಿಗೆ ಇದು ಸಾಧ್ಯ?

ಇನ್ನು ಮತ ಹಾಕುವ ಬಗೆ. ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಸಲ, ಮತದಾನಕ್ಕೆ ಮೂರು ನಾಲ್ಕು ವಾರ ಮೊದಲು ಮನೆಗೆ ದಪ್ಪ ಲಕೋಟೆ ಬರುತ್ತದೆ. ಒಳಗೆ ಮತಪತ್ರ, ಸಹಿ ಹಾಕಬೇಕಾದ ಒಂದು ಚೀಟಿ, ಮತಪತ್ರ ಹಾಕಿ ಅಂಟಿಸುವ ಚಿಕ್ಕ ಲಕೋಟೆ, ಮತ್ತೆ ಒಂದು ಪುಟ್ಟ ಪುಸ್ತಕ. ಪ್ರಸ್ತಾಪ ಏನು, ಸರ್ಕಾರ ಏನನ್ನುತ್ತದೆ, ಅದನ್ನು ತಂದವರ ವಾದ ಏನು, ಎಲ್ಲ ಆ ಪುಸ್ತಕದಲ್ಲಿರುತ್ತದೆ. ಹೆಚ್ಚಿನ ಕಡೆ ಮತಪತ್ರದಲ್ಲಿ ಬಟನ್ ಇಲ್ಲ, ಮುದ್ರೆ ಇಲ್ಲ. ಖಾಲಿ ಚೌಕದಲ್ಲಿ ಹೌದು ಅಥವಾ ಇಲ್ಲ ಅಂತ ಸ್ವಂತ ಕೈಯಿಂದ ಬರೆಯಬೇಕು. ಹತ್ತರಲ್ಲಿ ಒಂಬತ್ತು ಜನ ಅಂಚೆಯಲ್ಲೇ ಕಳಿಸುತ್ತಾರೆ. ಅಡುಗೆಮನೆಯ ಮೇಜಿನ ಮೇಲೆ ಆ ಲಕೋಟೆ ವಾರಗಟ್ಟಲೆ ಕೂತಿರುತ್ತದೆ. ಗಂಡ ಹೆಂಡತಿ ಮಾತಾಡುತ್ತಾರೆ, ಜಗಳವಾಡುತ್ತಾರೆ, ಇನ್ನೊಂದು ದಿನ ನೋಡೋಣ ಅಂತ ಬಿಡುತ್ತಾರೆ. ಆ ನಿಧಾನದಲ್ಲೇ ಈ ಪದ್ಧತಿಯ ಜೀವ ಇದೆ ಅಂತ ನನಗನ್ನಿಸುತ್ತದೆ. ಕಿತ್ತಳೆ ಬಾವುಟದ ಪ್ರಸ್ತಾಪದ ಸಹಿಗಳನ್ನು ಒಪ್ಪಿಸಿದ್ದು 2016ರಲ್ಲಿ, ಮತದಾನ ಆದದ್ದು 2020ರಲ್ಲಿ. ನಾಲ್ಕು ವರ್ಷ ದೇಶ ಅದನ್ನು ಅಗಿಯಿತು.

ಬ್ರಿಟನ್ನಿನ 2016ರ ಮತದಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಪ್ರಶ್ನೆ ತಂದದ್ದು ಸರ್ಕಾರ. ಎಣಿಸಿದ್ದು ಒಂದೇ ಸಲ. ಯುರೋಪಿಯನ್ ಒಕ್ಕೂಟ ಬಿಡೋಣ ಅಂದವರು ಶೇ 51.9. ಆದರೆ ಸ್ಕಾಟ್ಲೆಂಡಿನಲ್ಲಿ ಶೇ 62 ಜನ, ಉತ್ತರ ಐರ್ಲೆಂಡಿನಲ್ಲಿ ಶೇ 55.8 ಜನ ಉಳಿಯೋಣ ಅಂದಿದ್ದರು. ಬ್ರಿಟನ್ ಒಕ್ಕೂಟ ದೇಶವಲ್ಲ, ಹಾಗಾಗಿ ಎರಡನೇ ಎಣಿಕೆಯ ಮಾತೇ ಬರಲಿಲ್ಲ. ನಾಲ್ಕು ನಾಡುಗಳನ್ನು ಬೇರೆಬೇರೆ ಎಣಿಸಿದ್ದರೆ ಎರಡು ಆ ಕಡೆ, ಎರಡು ಈ ಕಡೆ. ನಮ್ಮನ್ನು ಕೇಳದೆ ಎಳೆದುಕೊಂಡು ಹೋದರು ಅನ್ನುವ ನೋವು ಸ್ಕಾಟ್ಲೆಂಡಿನಲ್ಲಿ ಉಳಿದುಕೊಂಡಿತು.

ಅಂದರೆ ಎರಡು ಸಲ ಎಣಿಸಿದರೆ ಎಲ್ಲ ಸರಿಹೋಗುತ್ತದಾ? ಇಲ್ಲ. ನನ್ನ ಸಿಟ್ಟು ಪೂರ್ತಿ ಹೋಗದಿರುವುದು ಇದಕ್ಕೇ.

1847ರಲ್ಲಿ ಸೋತವರಿಗೆ ಅಂತ ಮಾಡಿದ ಕಾವಲು ಅದು. ಇವತ್ತಿನ ಅಲ್ಪಸಂಖ್ಯಾತರು ಬೇರೆ. ಸ್ವಿಟ್ಜರ್ಲೆಂಡಿನಲ್ಲಿ ಈಗ ದೊಡ್ಡ ಬಿರುಕು ಇರುವುದು ಜರ್ಮನ್ ಮಾತಾಡುವವರ ಮತ್ತು ಫ್ರೆಂಚ್ ಮಾತಾಡುವವರ ನಡುವೆ. 1992ರ ಡಿಸೆಂಬರ್ 6ರಂದು ಯುರೋಪಿನ ಆರ್ಥಿಕ ವಲಯಕ್ಕೆ ಸೇರಬೇಕೋ ಅಂತ ಮತದಾನ ಆಯಿತು. ಬೇಡ ಅಂದವರು ಶೇ 50.3, ಕೂದಲೆಳೆಯ ಅಂತರ. ಫ್ರೆಂಚ್ ಹೆಚ್ಚಾಗಿರುವ ಕ್ಯಾಂಟನ್‌ಗಳೆಲ್ಲ ಹೌದು ಅಂದಿದ್ದವು. ಜರ್ಮನ್ ಕಡೆ ಬಾಸೆಲ್ ಹೆಸರಿನ ಎರಡು ಅರ್ಧ ಮತದ ಕ್ಯಾಂಟನ್‌ಗಳನ್ನು ಬಿಟ್ಟರೆ ಎಲ್ಲವೂ ಬೇಡ. ಕ್ಯಾಂಟನ್ ಲೆಕ್ಕದಲ್ಲಿ 16 ಬೇಡ, 7 ಹೌದು. ತಲೆ ಎಣಿಕೆಯಲ್ಲಿ ಹೆಚ್ಚುಕಮ್ಮಿ ಸಮಸಮ ಬಂದ ಭಾಷಾ ಅಲ್ಪಸಂಖ್ಯಾತರು, ಅವರನ್ನು ಕಾಯಬೇಕಾದ ಎಣಿಕೆಯಲ್ಲೇ ಮಣ್ಣುಮುಕ್ಕಿದರು.

ಇನ್ನೂ ದೊಡ್ಡ ಕೊರತೆ ಒಂದಿದೆ. ಕ್ಯಾಂಟನ್ ಎಣಿಕೆ ಕಾಯುವುದು ತಮ್ಮದೇ ನೆಲ ಇರುವ ಅಲ್ಪಸಂಖ್ಯಾತರನ್ನು ಮಾತ್ರ. ಎಲ್ಲ ಕಡೆ ಚೆದುರಿ ಬದುಕುವವರಿಗೆ ಅದರಿಂದ ಏನೂ ಸಿಗುವುದಿಲ್ಲ. 2009ರ ನವೆಂಬರ್ 29ರಂದು ಮಸೀದಿಗಳಿಗೆ ಹೊಸದಾಗಿ ಮಿನಾರ್ ಕಟ್ಟಬಾರದು ಅನ್ನುವ ಪ್ರಸ್ತಾಪ ಶೇ 57.5 ಮತದಿಂದ ಗೆದ್ದಿತು, ಎರಡೂ ಎಣಿಕೆಯಲ್ಲಿ. ಆಗ ಇಡೀ ದೇಶದಲ್ಲಿ ಇದ್ದ ಮಿನಾರ್‌ಗಳು ನಾಲ್ಕು. ಮುಸ್ಲಿಮರಿಗೆ ಅಂತ ಒಂದು ಕ್ಯಾಂಟನ್ ಇಲ್ಲ. ಹೆಂಗಸರಿಗೂ ಇರಲಿಲ್ಲ. 1959ರಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಡೋಣವೇ ಅಂತ ಗಂಡಸರನ್ನು ಕೇಳಿದರು. ಶೇ 67ರಷ್ಟು ಗಂಡಸರು ಬೇಡ ಅಂದರು. ಹಕ್ಕು ಸಿಕ್ಕಿದ್ದು 1971ರಲ್ಲಿ, ಅದೂ ಗಂಡಸರನ್ನು ಮತ್ತೆ ಕೇಳಿ. ಅಪೆನ್ಜೆಲ್ ಇನ್ನರ್‌ರೋಡನ್ ಅನ್ನುವ ಪುಟ್ಟ ಕ್ಯಾಂಟನ್ ತನ್ನ ಬಯಲುಸಭೆಯಲ್ಲಿ 1990ರವರೆಗೂ ಒಪ್ಪಲಿಲ್ಲ. ಕೊನೆಗೆ ದೇಶದ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಮಿನಾರ್ ವಿಷಯದಲ್ಲಿ ಆ ಕೋರ್ಟಿಗೆ ಅಷ್ಟು ಶಕ್ತಿ ಇಲ್ಲ. ಕ್ಯಾಂಟನ್ ಮಾಡಿದ ತಪ್ಪನ್ನು ಅದು ತಿದ್ದಬಹುದು, ಇಡೀ ದೇಶ ಸಂವಿಧಾನದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ.

ಮತದ ಹಕ್ಕೇ ಇಲ್ಲದವರೂ ಇದ್ದಾರೆ. ಅಲ್ಲಿ ವಾಸವಿರುವವರಲ್ಲಿ ನಾಲ್ಕರಲ್ಲಿ ಒಬ್ಬರು ವಿದೇಶಿ ಪ್ರಜೆಗಳು. ಝೂರಿಕ್, ಬಾಸೆಲ್ ಕಡೆ ಕೆಲಸಕ್ಕೆ ಹೋಗಿರುವ ನಮ್ಮವರೂ ಆ ಲೆಕ್ಕದಲ್ಲೇ ಬರುತ್ತಾರೆ. ತೆರಿಗೆ ಕಟ್ಟುತ್ತಾರೆ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸುತ್ತಾರೆ. ಲಕೋಟೆ ಮಾತ್ರ ಪಕ್ಕದ ಮನೆಗೆ ಬರುತ್ತದೆ. 2014ರ ಫೆಬ್ರವರಿಯಲ್ಲಿ ವಲಸೆಗೆ ಮಿತಿ ಹಾಕುವ ಪ್ರಸ್ತಾಪ ಶೇ 50.3 ಮತದಿಂದ ಗೆದ್ದಾಗ, ಯಾರ ಬಗ್ಗೆ ಮಾತಾಡುತ್ತಿದ್ದರೋ ಅವರಿಗೆ ಬಾಯಿ ಇರಲಿಲ್ಲ.

ಹಾಗಾದರೆ ಈ ಪದ್ಧತಿಯನ್ನು ಯಾಕೆ ಮೆಚ್ಚಬೇಕು? ಒಂದೇ ಕಾರಣಕ್ಕೆ. ಅಲ್ಲಿ ಸೋತವರು ಮತ್ತೆ ಕೇಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಸರ್ಕಾರಿ ಡಿಜಿಟಲ್ ಗುರುತಿನ ಚೀಟಿಯ ಕಾನೂನನ್ನು 2021ರಲ್ಲಿ ಶೇ 64 ಜನ ತಳ್ಳಿಹಾಕಿದರು, ಖಾಸಗಿ ಕಂಪನಿಗಳ ಕೈಗೆ ಕೊಡುತ್ತೀರಿ ಅನ್ನುವ ಸಿಟ್ಟಿಗೆ. ಸರ್ಕಾರ ಕಾನೂನನ್ನು ಹೊಸದಾಗಿ ಬರೆದು ಚೀಟಿಯ ಹೊಣೆ ತಾನೇ ಹೊತ್ತುಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಶೇ 50.4 ಜನ ಒಪ್ಪಿದರು. ಕಿತ್ತಳೆ ಬಾವುಟದವರೂ ಸುಮ್ಮನೆ ಕೂರಲಿಲ್ಲ. 2025ರ ಜನವರಿಯಲ್ಲಿ ಹೊಸ ಪ್ರಸ್ತಾಪ ಬರೆದು ಬೀದಿಗೆ ಬಂದರು. ಎರಡೇ ವಾರದಲ್ಲಿ 1 ಲಕ್ಷಕ್ಕೂ ಹೆಚ್ಚು ಸಹಿ ಕೂಡಿತು.

ಇದರ ಬೆಲೆ ಗೊತ್ತಾಗುವುದು ಆಸ್ಟ್ರೇಲಿಯಾ ನೋಡಿದಾಗ. ಅದೂ ಒಕ್ಕೂಟ ದೇಶ, ಅಲ್ಲೂ ಎರಡು ಎಣಿಕೆ: ಇಡೀ ದೇಶದ ಬಹುಮತ, ಜೊತೆಗೆ ಆರು ರಾಜ್ಯಗಳಲ್ಲಿ ನಾಲ್ಕರ ಬಹುಮತ. 1901ರಿಂದ 2023ರವರೆಗೆ 45 ಪ್ರಸ್ತಾಪ ಜನರ ಮುಂದೆ ಬಂದವು, ಗೆದ್ದದ್ದು 8. 1977ರಲ್ಲಿ ಒಂದಕ್ಕೆ ಶೇ 62 ಮತ ಬಿದ್ದರೂ ಮೂರೇ ರಾಜ್ಯ ಒಪ್ಪಿದ್ದರಿಂದ ಸೋತಿತು. 2023ರ ಅಕ್ಟೋಬರ್ 14ರಂದು, ಮೂಲನಿವಾಸಿಗಳ ದನಿಗೆ ಸಂವಿಧಾನದಲ್ಲಿ ಜಾಗ ಕೊಡುವ ಪ್ರಶ್ನೆಗೆ ಸುಮಾರು ಶೇ 60 ಜನ ಇಲ್ಲ ಅಂದರು. ಆರೂ ರಾಜ್ಯ ಇಲ್ಲ ಅಂದವು. ಅಲ್ಲಿ ಸಹಿ ಕೂಡಿಸಿ ಮತ್ತೆ ಕೇಳುವ ದಾರಿ ಇಲ್ಲ. ಪ್ರಶ್ನೆ ಹುಟ್ಟಬೇಕಾದರೆ ಸಂಸತ್ತೇ ಮನಸ್ಸು ಮಾಡಬೇಕು. ಸೋತ ಪ್ರಶ್ನೆಯನ್ನು ಮತ್ತೆ ಮುಟ್ಟಲು ಯಾವ ಪಕ್ಷಕ್ಕೆ ಧೈರ್ಯ ಬರುತ್ತದೆ? ಮೂಲನಿವಾಸಿಗಳು ದೇಶದ ಜನರಲ್ಲಿ ಶೇ 4ಕ್ಕೂ ಕಮ್ಮಿ. ಕಾಯುವುದೊಂದೇ ಅವರಿಗೆ ಉಳಿದಿರುವುದು.

ಮತ್ತೆ ಕೇಳುವುದು ಅಂದರೆ ಎಷ್ಟು ಉದ್ದದ ದಾರಿ ಅನ್ನುವುದಕ್ಕೆ ಮೂಟಿಯೆ ಅನ್ನುವ ಊರಿನ ಕಥೆ ಹೇಳಬೇಕು. ಗಡಿ ಜಗಳ ಗೊತ್ತಿರುವ ಕನ್ನಡದವರಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. 1815ರಲ್ಲಿ ವಿಯೆನ್ನಾದಲ್ಲಿ ಕೂತ ದೊಡ್ಡವರು ಫ್ರೆಂಚ್ ಮಾತಾಡುವ ಜುರಾ ಸೀಮೆಯನ್ನು ಜರ್ಮನ್ ಮಾತಾಡುವ ಬರ್ನ್ ಕ್ಯಾಂಟನ್ನಿಗೆ ಕೊಟ್ಟುಬಿಟ್ಟರು. ನಮಗೆ ನಮ್ಮದೇ ಕ್ಯಾಂಟನ್ ಬೇಕು ಅನ್ನುವ ಕೂಗು ತಲೆಮಾರುಗಳ ಕಾಲ ನಡೆಯಿತು. ಕೊನೆಗೆ 1974ರಲ್ಲಿ ಇಡೀ ಜುರಾವನ್ನು ಕೇಳಿದರು, ಹೌದು ಅಂದಿತು. ಅಲ್ಲಿಗೇ ನಿಲ್ಲಿಸಲಿಲ್ಲ. ನೀವು ಹೊಸ ಕ್ಯಾಂಟನ್ನಿಗೆ ಹೋಗುತ್ತೀರಾ, ಬರ್ನ್‌ನಲ್ಲೇ ಇರುತ್ತೀರಾ ಅಂತ ದಕ್ಷಿಣದ ಜಿಲ್ಲೆಗಳನ್ನು ಬೇರೆಯಾಗಿ ಕೇಳಿದರು. ಅಲ್ಲಿನ ಜನ ಫ್ರೆಂಚರೇ, ಆದರೆ ಪ್ರಾಟೆಸ್ಟೆಂಟರು. ಇಲ್ಲೇ ಇರುತ್ತೇವೆ ಅಂದರು. ಆಮೇಲೆ ಗಡಿಯ ಒಂದೊಂದೇ ಊರನ್ನು ಕೇಳಿದರು. 1978ರಲ್ಲಿ ಇಡೀ ದೇಶವನ್ನು ಕೇಳಿದಾಗ ಶೇ 82 ಜನ ಒಪ್ಪಿದರು, ಎಲ್ಲ ಕ್ಯಾಂಟನ್‌ಗಳೂ ಒಪ್ಪಿದವು. ಬರ್ನ್ ಕೂಡ. 1979ರ ಜನವರಿ 1ರಂದು ಜುರಾ ಹುಟ್ಟಿತು.

ಏಳು ಸಾವಿರ ಚಿಲ್ಲರೆ ಜನರ ಮೂಟಿಯೆ ಆಗ ಬರ್ನ್‌ನಲ್ಲೇ ಉಳಿದುಕೊಂಡಿತು. 2017ರಲ್ಲಿ ಮತ್ತೆ ಕೇಳಿದಾಗ ಜುರಾ ಪರ 137 ಮತ ಹೆಚ್ಚು ಬಿತ್ತು. ಊರಲ್ಲಿ ವಾಸ ಇಲ್ಲದವರೂ ಮತ ಹಾಕಿದ್ದಾರೆ, ಪ್ರಚಾರ ನ್ಯಾಯವಾಗಿರಲಿಲ್ಲ ಅನ್ನುವ ದೂರಿನ ಮೇಲೆ ಅದು ರದ್ದಾಯಿತು. 2021ರ ಮಾರ್ಚ್ 28ರಂದು ಇನ್ನೊಂದು ಸಲ. ಹೌದು 2,114, ಬೇಡ 1,740. ಅಂತರ 374. ಆಮೇಲೂ ಎರಡು ಕ್ಯಾಂಟನ್‌ಗಳ ಜನ ಒಪ್ಪಬೇಕಿತ್ತು, 2024ರಲ್ಲಿ ಒಪ್ಪಿದರು. ಮೂಟಿಯೆ ಜುರಾಕ್ಕೆ ಸೇರಿದ್ದು 2026ರ ಜನವರಿ 1ರಂದು. ಒಂದು ಊರು ಮನೆ ಬದಲಿಸಲು ಐವತ್ತು ವರ್ಷ! ಬೇಡ ಅಂದ ಆ 1,740 ಜನರೂ ಅದೇ ಬೀದಿಗಳಲ್ಲಿ ಬದುಕಬೇಕು. ಆದರೆ ತಮ್ಮನ್ನು ಕೇಳಲಿಲ್ಲ ಅಂತ ಅವರು ಹೇಳಲಾರರು. ನಮ್ಮ ಬೆಳಗಾವಿ, ಕಾಸರಗೋಡುಗಳ ವಿಷಯದಲ್ಲಿ ಆಯೋಗಗಳು ಬಂದವು, ವರದಿಗಳು ಬಂದವು, ಕೇಸು ಕೋರ್ಟಿಗೆ ಹೋಯಿತು. ಮತಪತ್ರ ಮಾತ್ರ ಯಾರ ಕೈಗೂ ಬರಲಿಲ್ಲ.

ಭಾರತದಲ್ಲಿ ಹಾಗೆ ಕೇಳಿದ್ದೇ ಇಲ್ಲ ಅಂತಲ್ಲ. 1967ರ ಜನವರಿ 16ರಂದು ಗೋವಾದವರನ್ನು ಕೇಳಿದರು: ಮಹಾರಾಷ್ಟ್ರಕ್ಕೆ ಸೇರುತ್ತೀರಾ, ಕೇಂದ್ರಾಡಳಿತ ಪ್ರದೇಶವಾಗೇ ಇರುತ್ತೀರಾ? 34,021 ಮತಗಳ ಅಂತರದಿಂದ ಗೋವಾ ಗೋವಾ ಆಗಿಯೇ ಉಳಿಯಿತು. 2013ರಲ್ಲಿ ಸುಪ್ರೀಂ ಕೋರ್ಟಿನ ಮಾತಿನಂತೆ ಒಡಿಶಾದ ನಿಯಮಗಿರಿ ಬೆಟ್ಟದ 12 ಗ್ರಾಮಸಭೆಗಳನ್ನು ಬಾಕ್ಸೈಟ್ ಗಣಿಯ ಬಗ್ಗೆ ಕೇಳಿದರು. ಹನ್ನೆರಡೂ ಬೇಡ ಅಂದವು. ಇಡೀ ದೇಶವನ್ನು ಕೇಳಿದ್ದರೆ ಉತ್ತರ ಬೇರೆಯೇ ಬರುತ್ತಿತ್ತೋ ಏನೋ. ಆದರೆ ಬೆಟ್ಟ ಅವರ ದೇವರು, ಹಾಗಾಗಿ ಅವರನ್ನು ಕೇಳಿದ್ದು ಸರಿ.

ಇಡೀ ದೇಶದ ಮಟ್ಟದಲ್ಲಿ ನಮ್ಮಲ್ಲಿ ಜನಮತಗಣನೆ ಇಲ್ಲ. 1978ರಲ್ಲಿ ಜನತಾ ಸರ್ಕಾರ ಸಂವಿಧಾನದ ಕೆಲವು ಮೂಲ ಅಂಶಗಳನ್ನು ಬದಲಿಸಬೇಕಾದರೆ ಜನರನ್ನು ಕೇಳಲೇಬೇಕು ಅನ್ನುವ ತಿದ್ದುಪಡಿ ತಂದಿತ್ತು, ರಾಜ್ಯಸಭೆ ಒಪ್ಪಲಿಲ್ಲ. ಒಂದು ವೇಳೆ ಒಪ್ಪಿದ್ದರೂ ಅದು ಒಂದೇ ಎಣಿಕೆ, ತಲೆ ಎಣಿಕೆ. ನಮ್ಮ ಸಂವಿಧಾನದಲ್ಲಿ ಎರಡನೇ ಎಣಿಕೆಯ ನೆರಳು ಇರುವುದು 368ನೇ ವಿಧಿಯಲ್ಲಿ ಮಾತ್ರ: ಒಕ್ಕೂಟಕ್ಕೆ ಸಂಬಂಧಿಸಿದ ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳು ಒಪ್ಪಬೇಕು. ಅಲ್ಲಿ ಉತ್ತರ ಪ್ರದೇಶವೂ ಒಂದು, ಸಿಕ್ಕಿಂ ಕೂಡ ಒಂದು. ರಾಜ್ಯಸಭೆಯಲ್ಲಿ ಹಾಗಲ್ಲ, ಅಲ್ಲಿ ಉತ್ತರ ಪ್ರದೇಶ 31, ಕರ್ನಾಟಕ 12. ಜನಸಂಖ್ಯೆ ಹಿಡಿತಕ್ಕೆ ತಂದ ರಾಜ್ಯಗಳಿಗೆ ನಷ್ಟವಾಗದಿರಲಿ ಅಂತ ಲೋಕಸಭೆಯ ಸೀಟು ಹಂಚಿಕೆಯನ್ನು 1971ರ ಜನಗಣತಿಯ ಲೆಕ್ಕಕ್ಕೆ 1976ರಲ್ಲಿ ಕಟ್ಟಿಹಾಕಿದರು, 2001ರಲ್ಲಿ ಮತ್ತೆ ಮುಂದೂಡಿದರು. ಕ್ಷೇತ್ರ ಮರುವಿಂಗಡಣೆ ಅಂದರೆ ದಕ್ಷಿಣದ ರಾಜ್ಯಗಳಿಗೆ ಆತಂಕ ಯಾಕೆ ಅನ್ನುವುದು ಊರಿ ಮತ್ತು ಝೂರಿಕ್ ಲೆಕ್ಕ ನೋಡಿದವರಿಗೆ ಕೂಡಲೇ ಗೊತ್ತಾಗುತ್ತದೆ, ಅಲ್ವಾ? ತಲೆ ಎಣಿಸಬೇಕೋ, ರಾಜ್ಯ ಎಣಿಸಬೇಕೋ ಅನ್ನುವ ಅದೇ ಹಳೇ ಪ್ರಶ್ನೆ ಅದು.

ಸ್ವಿಟ್ಜರ್ಲೆಂಡಿನಲ್ಲಿ ಆ ಪ್ರಶ್ನೆ ಈಗ ಮತ್ತೆ ಎದ್ದಿದೆ. ಯುರೋಪಿಯನ್ ಒಕ್ಕೂಟದ ಜೊತೆ ಸರ್ಕಾರ ಹೊಸ ಒಪ್ಪಂದಗಳ ಕಟ್ಟೊಂದನ್ನು ಮಾಡಿಕೊಂಡಿದೆ. ಇದಕ್ಕೆ ತಲೆ ಎಣಿಕೆಯ ಮತದಾನ ಸಾಕು ಅಂತ 2025ರ ಏಪ್ರಿಲ್‌ನಲ್ಲಿ ಸರ್ಕಾರ ಹೇಳಿತು. ಅದಕ್ಕೆ ಕಾರಣವೂ ಇದೆ. ಹೊರದೇಶಗಳ ಜೊತೆಗಿನ ಒಪ್ಪಂದಗಳ ವಿಷಯದಲ್ಲಿ, ದೇಶಗಳ ಮೇಲೆ ಅಧಿಕಾರ ನಡೆಸುವ ಕೂಟಕ್ಕೋ, ರಕ್ಷಣಾ ಒಕ್ಕೂಟಕ್ಕೋ ಸೇರುವಾಗ ಮಾತ್ರ ಸಂವಿಧಾನ ಎರಡು ಎಣಿಕೆ ಕೇಳುತ್ತದೆ. 2000ದಲ್ಲಿ ಇಂಥದ್ದೇ ಒಪ್ಪಂದಗಳು ತಲೆ ಎಣಿಕೆಯಲ್ಲೇ ಶೇ 67 ಮತದಿಂದ ಗೆದ್ದಿದ್ದವು. ಒಪ್ಪಂದ ಬೇಡ ಅನ್ನುವವರು ಕ್ಯಾಂಟನ್‌ಗಳನ್ನೂ ಎಣಿಸಲೇಬೇಕು ಅನ್ನುತ್ತಾರೆ. 1992ರ 16 ಮತ್ತು 7ರ ಲೆಕ್ಕ ಅವರಿಗೂ ನೆನಪಿದೆ, ಸರ್ಕಾರಕ್ಕೂ ನೆನಪಿದೆ.

ನನ್ನನ್ನು ಕೇಳಿದರೆ, ಎರಡನೇ ಎಣಿಕೆ ಯಾವಾಗ ಬೇಕು ಅನ್ನುವುದು ಉತ್ತರ ಏನು ಬರಬಹುದು ಅನ್ನುವ ಅಂದಾಜಿನ ಮೇಲೆ ನಿಲ್ಲಬಾರದು. ಎರಡೂ ಕಡೆಯವರು ಈಗ ಹಾಗೇ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಅಲ್ಲಿ ದಾರಿ ಮುಚ್ಚಿಲ್ಲ. ಇಂತಹ ಒಪ್ಪಂದಗಳಿಗೆ ಎರಡು ಎಣಿಕೆ ಕಡ್ಡಾಯ ಮಾಡಿ ಅಂತ ಕೇಳುವ ಪ್ರಸ್ತಾಪಕ್ಕೆ 1 ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿ 2025ರಲ್ಲೇ ಒಪ್ಪಿಸಿದ್ದಾರೆ. ಅದು ಸಂವಿಧಾನದ ತಿದ್ದುಪಡಿ. ಹಾಗಾಗಿ ಅದು ಜನರ ಮುಂದೆ ಬಂದ ದಿನ ಜನರೂ ಒಪ್ಪಬೇಕು, 23ರಲ್ಲಿ 12 ಮತವೂ ಬೀಳಬೇಕು.